ಒಂದು ಮಳೆಗೆ ಒಂದು ಗುರಿ

ನಮ್ಮ ಸೀಮೆಯ ರೈತನನ್ನು "ಈ ವರುಷ ಏನು ಮಾಡಬೇಕೆಂದಿರುವಿರಿ?" ಎಂದು ಕೇಳಿ ನೋಡಿರಿ. ಆತನು ವರುಷದ ಮಾತನ್ನೇ ಆಡುವುದಿಲ್ಲ. "ಮಿರಗ ಬಂದರ ಸಜ್ಜಿ ಬಿತ್ತಬೇಕ್ರಿ, ಆರಿದ್ರಿ ಚಲೋ ಆದರ ತೊಗರಿ, ಹಿಂಗಾರಿ ಹಸಿ ನೋಡಿ ಜ್ವಾಳ" ಎಂದು ಮಳೆಯಿಂದ ಮಳೆಗೆ ಲೆಕ್ಕ ಒಪ್ಪಿಸುತ್ತಾನೆ. ಅದೇ ರೈತನ ಏಳು ವರುಷದ ಮಗನಿಗೆ ಓದಿದವರೆನಿಸಿಕೊಂಡ ನಾವು ಕೇಳುವ ಪ್ರಶ್ನೆಯೇ ಬೇರೆ: "ದೊಡ್ಡವನಾದ ಮೇಲೆ ಏನಾಗುತ್ತೀ?" ಮಗು "ಡಾಕ್ಟರ್" ಎನ್ನುತ್ತದೆ, ಇಲ್ಲವೆ "ಪೊಲೀಸ್" ಎನ್ನುತ್ತದೆ; ನಾವು ಬೆನ್ನು ತಟ್ಟಿ ಮುಂದೆ ಹೋಗುತ್ತೇವೆ. ಇಪ್ಪತ್ತು ವರುಷಗಳಾಚೆಯ ಮಾತನ್ನು ಕೇಳಿದವರು ಬರುವ ಹದಿನೈದು ದಿನಗಳ ಮಾತನ್ನು ಕೇಳುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರುಷಕ್ಕೂ ಮಿಕ್ಕಿ ಪಾಠ ಹೇಳಿ ನಿವೃತ್ತನಾದ ನಾನೂ ಈ ತಪ್ಪನ್ನು ಬಹುಕಾಲ ಮಾಡಿದವನೇ. ಅದನ್ನು ತಿದ್ದಿಕೊಂಡ ಬಗೆಯನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ನಾನು ಓದಿದ್ದು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು. ಅಲ್ಲಿ ಉಗ್ರಾಣದ ಉಸ್ತುವಾರಿ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ಹುಡುಗರೆಲ್ಲ ಅವರನ್ನು ತಾತ ಎಂದೇ ಕರೆಯುತ್ತಿದ್ದೆವು. ಭಕ್ತರು ತಂದೊಪ್ಪಿಸಿದ ಜೋಳದ ಚೀಲಗಳನ್ನು ಗೋಡೆಗೆ ಒತ್ತಿ ಒಟ್ಟಿಸಿ, ಪಕ್ಕದಲ್ಲಿ ಇದ್ದಿಲಿನಿಂದ ಅವರು ಗೆರೆ ಎಳೆಯುತ್ತಿದ್ದರು. ಈ ಮಳೆಗೆ ಇಷ್ಟು ಚೀಲ, ಮುಂದಿನ ಮಳೆಗೆ ಇಷ್ಟು ಎಂಬುದು ಆ ಗೆರೆಗಳ ಅರ್ಥ. ಮಳೆ ಮುಗಿದ ದಿನ ಉಳಿದದ್ದನ್ನು ಎಣಿಸಿ ಹೊಸ ಗೆರೆ ಎಳೆಯುವುದು ಅವರ ರೂಢಿ. ಒಮ್ಮೆ ನಾನು, "ತಾತಾ, ವರ್ಷದ ಲೆಕ್ಕ ಒಮ್ಮೆಲೇ ಯಾಕ ಹಾಕಬಾರದು?" ಎಂದು ಕೇಳಿದೆನು. "ವರ್ಷದ ಲೆಕ್ಕ ಯಾರಿಗೆ ಗೊತ್ತಪಾ? ಈ ಮಳಿ ದಾಟಲಿ, ಆಮ್ಯಾಲ ಮುಂದಿನ ಮಳಿ ಲೆಕ್ಕ" ಎಂದು ಅವರು ಇದ್ದಿಲು ಹಿಡಿದ ಕೈಯನ್ನು ಕೊಡವಿಕೊಂಡರು. ಆಗ ಅದು ಮುದುಕರ ಮಾತೆನಿಸಿತ್ತು. ಅದರ ಬೆಲೆ ತಿಳಿಯಲು ನನಗೆ ಒಂದು ಮಗುವಿನ ನಾಚಿಕೆಯನ್ನು ಕಾಣಬೇಕಾಯಿತು.

ನೌಕರಿಗೆ ಸೇರಿದ ಕೆಲವು ವರುಷಗಳ ಮೇಲೆ ನನಗೆ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಸಿದ್ಧವಾದ ತರುವಾಯ ಅದರ ಎಡದಂಡೆ ಕಾಲುವೆಯು ಆ ತಾಲ್ಲೂಕಿನ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿದುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಹಳ್ಳಿ ಇದ್ದುದು ಕಾಲುವೆಯ ಕೊನೆಯ ಭಾಗದಲ್ಲಿ. ನೀರು ಬಂದರೆ ಬಂತು, ಇಲ್ಲವಾದರೆ ಇಲ್ಲ. ತರಗತಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳೂ ಇದ್ದರು, ಕ್ಯಾಂಪುಗಳಿಂದ ಬರುವ ತೆಲುಗು ಮನೆಮಾತಿನ ಮಕ್ಕಳೂ ಇದ್ದರು. ಕೆಲವರಿಗೆ ಸ್ವಂತ ಗದ್ದೆ. ಹಲವರಿಗೆ ಪರರ ಗದ್ದೆಯ ಕೂಲಿ. ಇಷ್ಟು ಬಗೆಯ ಮಕ್ಕಳಿಗೆ ಹೊಸ ಹುರುಪಿನ ಮಾಸ್ತರನಾದ ನಾನು ಜೂನ್ ತಿಂಗಳ ಒಂದು ದಿನ ಚೀಟಿಗಳನ್ನು ಹಂಚಿ, "ಈ ವರುಷದ ನಿಮ್ಮ ಗುರಿ ಬರೆಯಿರಿ" ಎಂದೆನು. ಅವರಿಗೆ ಏನು ಬರೆಯಬೇಕೆಂದು ತೋಚಲಿಲ್ಲ. ನಾನೇ ಒಬ್ಬೊಬ್ಬರ ಬಳಿಗೆ ಹೋಗಿ ಬರೆದುಕೊಟ್ಟೆನು: ಪ್ರಥಮ ಸ್ಥಾನ ಪಡೆಯುವುದು; ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡುವುದು; ಒಂದು ದಿನವೂ ಶಾಲೆ ತಪ್ಪಿಸದಿರುವುದು. ಚೀಟಿಗಳನ್ನೆಲ್ಲ ಗೋಡೆಗೆ ಅಂಟಿಸಿದ್ದಾಯಿತು. ನೋಡಿದವರು ಮೆಚ್ಚಿದರು.

ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಚುರುಕು ಕಣ್ಣಿನ ಮಗು. ಮಗ್ಗಿಯ ಚೀಟಿ ಅವಳದಾಗಿತ್ತು. ಕಾಲುವೆಗೆ ನೀರು ಬಿಟ್ಟು ನಾಟಿ ಮೊದಲಾದೊಡನೆ ಅವಳ ತಾಯಿ ಕೂಲಿಗೆ ಹೊರಟಳು. ಎಳೆಗೂಸನ್ನು ನೋಡಿಕೊಳ್ಳುವುದು ಮಗಳ ಪಾಲಿಗೆ ಬಂತು. ಮೂರು ವಾರ ಅವಳು ಶಾಲೆಯ ಕಡೆ ಸುಳಿಯಲಿಲ್ಲ. ತಿರುಗಿ ಬಂದವಳು ತನ್ನ ಜಾಗದಲ್ಲಿ ಕೂಡದೆ ಗೋಡೆಗೆ ಬೆನ್ನು ಮಾಡಿ ಮೂಲೆಯಲ್ಲಿ ಕುಳಿತಳು. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಹತ್ತಿರ ಬಂದು, "ಸರ್ರ, ನನ್ನ ಚೀಟಿ ತಗೀರಿ. ನೋಡಿದ್ರ ನಾಚಿಕಿ ಬರ್ತೈತ್ರಿ" ಎಂದಳು. ನಾನು ನಕ್ಕು, "ಇನ್ನೂ ವೇಳೆ ಐತಿ, ಕಲಿ" ಎಂದೆನೇ ಹೊರತು ಚೀಟಿಯನ್ನು ತೆಗೆಯಲಿಲ್ಲ. ದೀಪಾವಳಿ ಕಳೆದ ಮೇಲೆ ಅವರ ಮನೆಯವರು ಬೆಂಗಳೂರಿನ ಕಡೆಗೆ ಗುಳೆ ಹೋದರು. ಯುಗಾದಿಗೂ ಅವಳು ಬರಲಿಲ್ಲ, ಮರುವರುಷದ ಜೂನಿಗೂ ಬರಲಿಲ್ಲ. ಅವಳನ್ನು ಶಾಲೆ ಬಿಡಿಸಿದ್ದು ಬಡತನವೆಂಬುದನ್ನು ಬಲ್ಲೆ. ಆದರೆ ತಾನು ಸೋತವಳೆಂಬ ಭಾವವನ್ನು ಜೊತೆಗೆ ಕಟ್ಟಿಕೊಟ್ಟು ಕಳಿಸಿದವನು ನಾನು. ಬೇಸಿಗೆಯಲ್ಲಿ ಗೋಡೆಗೆ ಸುಣ್ಣ ಹಚ್ಚಿಸುವಾಗ ಆ ಚೀಟಿಯನ್ನು ಕಿತ್ತು ನೋಡಿದೆನು. ಅದರಲ್ಲಿ ಅವಳ ಒಂದಕ್ಷರವೂ ಇರಲಿಲ್ಲ, ಅಕ್ಷರಗಳೆಲ್ಲ ನನ್ನವು.

ಮುಂದೆ ಲಿಂಗಸುಗೂರು ತಾಲ್ಲೂಕಿಗೆ ವರ್ಗವಾಗಿ ಹೋದಾಗ ಆ ಚೀಟಿ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು. ನಾನು ಹೋದ ಊರು ಕಾಲುವೆಯನ್ನು ಕಾಣದ ಮಳೆಯಾಶ್ರಯದ ಊರು. ಅಲ್ಲಿ ಮುಂಗಾರಿಗೆ ಸಜ್ಜೆ, ತೊಗರಿ, ಹತ್ತಿ. ಹಿಂಗಾರಿಗೆ ಜೋಳ, ಕಡಲೆ. ಮಕ್ಕಳ ಹಾಜರಿ ಪುಸ್ತಕವನ್ನು ಮೂರು ವರುಷ ತಾಳೆ ನೋಡಿದಾಗ ನನಗೊಂದು ಸಂಗತಿ ಹೊಳೆಯಿತು. ಮಕ್ಕಳು ತಪ್ಪಿಸಿಕೊಳ್ಳುವುದು ಮನಬಂದಂತೆ ಅಲ್ಲ. ಕಳೆ ತೆಗೆಯುವಾಗ ಒಂದು ಇಳಿತ, ಹತ್ತಿ ಬಿಡಿಸುವಾಗ ಮತ್ತೊಂದು, ಗುಳೆ ಹೊರಟಾಗ ದೊಡ್ಡ ಇಳಿತ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಪಂಚಮಿ, ಎಳ್ಳಮಾವಾಸ್ಯೆಗಳ ಸುತ್ತಲೂ ಎರಡೆರಡು ದಿನ. ಹೊಲ ನಡೆದಂತೆ ಮನೆ, ಮನೆ ನಡೆದಂತೆ ಮಗು. ಇದನ್ನು ಬಿಟ್ಟು ಮಗುವಿನ ಗುರಿಯನ್ನು ಶಾಲೆಯ ಗೋಡೆಯೊಳಗೆ ಕುಳಿತು ಗೊತ್ತುಪಡಿಸಿದರೆ ಅದು ನೆರವೇರುವುದಾದರೂ ಹೇಗೆ? ಆಗ ತಾತನ ಇದ್ದಿಲ ಗೆರೆ ನೆನಪಾಯಿತು.

ಮಳೆ ನಕ್ಷತ್ರದ ಲೆಕ್ಕ ನಮ್ಮ ಭಾಗದ ಮಕ್ಕಳಿಗೆ ಹೊಸದಲ್ಲ. ವರುಷಕ್ಕೆ ಇಪ್ಪತ್ತೇಳು ನಕ್ಷತ್ರ. ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಮೃಗಶಿರ ಕೂಡುವುದು ಜೂನ್ ಏಳೆಂಟರ ಸುಮಾರಿಗೆ. ಶಾಲೆ ಆಗಷ್ಟೇ ತೆರೆದಿರುತ್ತದೆ. ಅಲ್ಲಿಂದ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬ, ಉತ್ತರೆ ದಾಟಿ ಹಸ್ತ ಮುಗಿಯುವ ಹೊತ್ತಿಗೆ ಮಹಾನವಮಿಯ ಕಾಲ. ಮೊದಲ ಅವಧಿಗೆ ಒಂಬತ್ತು ಮಳೆ. ಏಳೆಂಟು ವರುಷದ ಮಗುವಿಗೆ "ಮಾರ್ಚ್ ತಿಂಗಳು" ಎಂಬುದು ಕಾಣದ ದೂರ. "ಆರಿದ್ರಿ ಮುಗಿಯುವುದರೊಳಗೆ" ಎಂಬುದು ಕೈಗೆ ಎಟಕುವ ಮಾತು. ಅದಕ್ಕಾಗಿ ಸಣ್ಣ ತರಗತಿಗಳಿಗೆ ಒಂದು ಮಳೆಗೆ ಒಂದೇ ಗುರಿ ಎಂದು ನೇಮ ಮಾಡಿದೆನು. ನಾಲ್ಕು, ಐದನೆಯ ತರಗತಿಯವರು ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿನ ಗುರಿಯನ್ನಿಟ್ಟುಕೊಂಡು, ಅದನ್ನು ಮಳೆಗಳ ಲೆಕ್ಕದಲ್ಲಿ ತುಂಡರಿಸಿಕೊಳ್ಳುತ್ತಿದ್ದರು.

ಹೀಗೆ ನಡೆಸುತ್ತಿದ್ದ ಕಾಲದಲ್ಲಿ ಮನಃಶಾಸ್ತ್ರದ ಒಂದು ಪುಸ್ತಕದಲ್ಲಿ ನನ್ನ ಮನಸ್ಸಿಗೆ ಬಲ ತರುವ ಪ್ರಯೋಗವೊಂದರ ವಿವರ ಸಿಕ್ಕಿತು. ೧೯೮೧ರಲ್ಲಿ ಅಮೆರಿಕದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಎಂಬ ವಿದ್ವಾಂಸರು ಏಳರಿಂದ ಹತ್ತು ವರುಷದ ನಲವತ್ತು ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಲು ಹೊರಟರು. ಅವರೆಲ್ಲ ಗಣಿತದಲ್ಲಿ ತೀರ ಹಿಂದುಳಿದ, ಅದರಲ್ಲಿ ಆಸಕ್ತಿಯೇ ಇಲ್ಲದ ಮಕ್ಕಳು. ಲೆಕ್ಕದ ನಲವತ್ತೆರಡು ಪುಟಗಳು, ಏಳು ಬೈಠಕ್ಕುಗಳು. ಒಂದು ಗುಂಪಿಗೆ "ಪ್ರತಿ ಸಲ ಆರು ಪುಟ ಮಾಡಿರಿ" ಎಂದರು; ಇನ್ನೊಂದಕ್ಕೆ "ಏಳನೆಯ ಸಲದ ಕೊನೆಗೆ ನಲವತ್ತೆರಡೂ ಪುಟ ಮುಗಿಸಿರಿ" ಎಂದರು. ಕೆಲಸ ಒಂದೇ, ಕಾಲವೂ ಒಂದೇ. ಆದರೆ ಆರಾರು ಪುಟದ ಗುರಿಯಿದ್ದ ಮಕ್ಕಳು ಲೆಕ್ಕವನ್ನು ಚೆನ್ನಾಗಿ ಕಲಿತರು. "ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಅವರಲ್ಲಿ ಹೆಚ್ಚಿತು. ಯಾರೂ ಹೇಳದಿದ್ದರೂ ಲೆಕ್ಕ ಮಾಡುವ ಒಲವು ಅವರಲ್ಲಿಯೇ ಮಿಗಿಲಾಗಿ ಕಂಡಿತು. ದೂರದ ಗುರಿಯವರಿಗೆ ಆ ಲಾಭ ದೊರೆಯಲಿಲ್ಲ. ನಮ್ಮ ನಾಡಿನಲ್ಲಿಯೂ ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಮೊದಲು ಮಾಡಿದ ನಲಿ-ಕಲಿ ಪದ್ಧತಿಯಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾಡಿ, ಮಗು ತಾನೆಲ್ಲಿದ್ದೇನೆಂಬುದನ್ನು ತಾನೇ ನೋಡಿಕೊಳ್ಳುವಂತೆ ಏಣಿಯನ್ನು ಇಟ್ಟಿದ್ದಾರೆ. ತಾತನ ಗೆರೆಗೂ ಈ ಏಣಿಗೂ ನನಗೆ ಹೆಚ್ಚಿನ ಭೇದ ಕಾಣಲಿಲ್ಲ.

ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲನೆಯದು, ಗುರಿಯನ್ನು ಮಗುವೇ ಹೇಳಬೇಕು. ಹೇಳುವವರೆಗೆ ಮಾಸ್ತರು ಕಾಯಬೇಕು. ಬರೆಯಲು ಬಾರದಿದ್ದರೆ ಚಿತ್ರ ತೆಗೆಯಲಿ. ಎರಡನೆಯದು, ಅದು ಮಗುವಿನ ಕೈಯಲ್ಲಿರುವ ಕೆಲಸವಾಗಿರಬೇಕು. ಪ್ರಥಮ ಸ್ಥಾನ ಎಂಬುದು ಅವನ ಕೈಯಲ್ಲಿಲ್ಲ, ಪಕ್ಕದವನ ಅಂಕಗಳಲ್ಲಿದೆ. ದಿನಕ್ಕೆ ನಾಲ್ಕು ಸಾಲು ಓದುವುದು ಅವನ ಕೈಯಲ್ಲಿದೆ. ಮೂರನೆಯದು, ಎಂದು, ಎಲ್ಲಿ ಎಂಬುದು ಗೊತ್ತಾಗಬೇಕು. "ಓದುತ್ತೇನೆ" ಎಂದರೆ ಸಾಲದು. "ಆಕಳಿಗೆ ನೀರು ಕುಡಿಸಿ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು ಓದುತ್ತೇನೆ" ಎನ್ನಬೇಕು. ಹೀಗೆ ದಿನನಿತ್ಯದ ಒಂದು ಕೆಲಸದ ಬೆನ್ನಿಗೆ ಇನ್ನೊಂದನ್ನು ಕಟ್ಟಿದರೆ ಸಂಕಲ್ಪ ನೆರವೇರುವ ಸಂಭವ ಹೆಚ್ಚೆಂದು ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಎಂಬ ಮನಃಶಾಸ್ತ್ರಜ್ಞರು ೧೯೯೯ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ಇಂಥದು ಮಾಡಬೇಕೆಂದು ನಮ್ಮ ಮನೆಗಳಲ್ಲಿ ಹಿರಿಯರು ರೂಢಿಸಿದುದೂ ಇದೇ ಉಪಾಯವನ್ನು.

ನಾಲ್ಕನೆಯದು, ಅಡ್ಡಿಯನ್ನು ಮೊದಲೇ ಕೇಳಬೇಕು. "ಈ ಮಳೆಯಲ್ಲಿ ನಿಮ್ಮ ಮನೆಯಲ್ಲಿ ಏನು ಕೆಲಸ?" ಎಂದು ಕೇಳಿದಾಗ ಮಕ್ಕಳು ಹೇಳುವ ಮಾತುಗಳನ್ನು ಯಾವ ವರದಿಯೂ ಹೇಳಲಾರದು. ತಂಗಿಯನ್ನು ಎತ್ತಿಕೊಳ್ಳುವುದು, ಹೊಲಕ್ಕೆ ಬುತ್ತಿ ಒಯ್ಯುವುದು, ಅಜ್ಜಿಯ ಜೊತೆಗಿರುವುದು. ಕೆಲಸ ಹೆಚ್ಚಿರುವ ಮಳೆಗೆ ಸಣ್ಣ ಗುರಿ, ಬಿಡುವಿನ ಮಳೆಗೆ ತುಸು ದೊಡ್ಡದು. ಐದನೆಯದು, ಲೆಕ್ಕ ಮಗುವಿನದೇ. ಮಾಡಿದ ದಿನ ತನ್ನ ಡಬ್ಬಿಯಲ್ಲಿ ಒಂದು ಹುಣಸೆ ಬೀಜ ಹಾಕಲಿ. ಮಾಡದ ದಿನ ಬಿಡಲಿ. ಒಬ್ಬರ ಬೀಜವನ್ನು ಇನ್ನೊಬ್ಬರು ಎಣಿಸುವಂತಿಲ್ಲ. ಗೋಡೆಗೆ ಏನನ್ನೂ ಅಂಟಿಸುವಂತಿಲ್ಲ. ಕೊನೆಯದು, ಮಳೆ ಬದಲಾಗುವ ದಿನ ಒಬ್ಬೊಬ್ಬರೊಡನೆ ಐದು ನಿಮಿಷ ಕುಳಿತು ಬೀಜಗಳನ್ನು ಎಣಿಸಬೇಕು. ಕಡಿಮೆಯಾಗಿದ್ದರೆ ಮಗುವನ್ನು ಗದರಿಸಬಾರದು, ಗುರಿಯನ್ನು ಅರ್ಧಕ್ಕೆ ಇಳಿಸಬೇಕು. ತಪ್ಪಿದ್ದು ಅಳತೆ, ಮಗುವಲ್ಲ.

ಮಕ್ಕಳು ಇಟ್ಟುಕೊಂಡ ಗುರಿಗಳನ್ನು ಕಂಡು ನಾನೇ ಬೆರಗಾದೆನು. ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿನಲ್ಲಿ ಎರಡನೆಯ ತರಗತಿಯ ಹುಡುಗನೊಬ್ಬ ತಾನು ಮಾಡಿದ ಮಣ್ಣಿನ ಎತ್ತುಗಳಿಗೆಲ್ಲ ಹೆಸರಿಟ್ಟು ಆ ಹೆಸರುಗಳನ್ನು ಬರೆಯಲು ಕಲಿಯುತ್ತೇನೆಂದನು. ಒಬ್ಬಳು ಪುಷ್ಯ ಮಳೆಯಲ್ಲಿ ಶಾಲೆಯ ಬೇವಿನ ಸಸಿಗೆ ದಿನಾಲು ಒಂದು ಕೊಡ ನೀರು ಹಾಕುತ್ತೇನೆಂದಳು. ಮಳೆ ಬಂದ ದಿನ ಹಾಕಬೇಕೋ ಬೇಡವೋ ಎಂಬುದು ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತು. ಚಳಿಗಾಲದಲ್ಲಿ, ಸೀತನಿಯ ದಿನಗಳಲ್ಲಿ, ಹೊಲದ ತೆನೆಗಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸುತ್ತ ಗುಣಾಕಾರ ಕಲಿತವರುಂಟು. ಅವರಲ್ಲಿ ಕೆಲವರು ಎರಡು ಮಳೆಗೆ ಬೇಸತ್ತು ಡಬ್ಬಿಯನ್ನು ಮರೆತರು; ಕೆಲವರು ಬೀಜಗಳನ್ನು ಒಮ್ಮೆಲೇ ತುಂಬಿಸಿ ತಂದರು. ಅವನ್ನೆಲ್ಲ ಹುರಿದು ತಿಂದು ಮತ್ತೆ ಮೊದಲಿನಿಂದ ಆರಂಭಿಸಿದೆವು.

ಗುಳೆ ಹೋಗುವ ಮಕ್ಕಳದೇ ದೊಡ್ಡ ಚಿಂತೆಯಾಗಿತ್ತು. ಮೂರನೆಯ ತರಗತಿಯ ಒಬ್ಬ ಹುಡುಗ ದೀಪಾವಳಿಯ ಮರುವಾರ ಬಂದು, "ಸರ್ರ, ನಾವು ನಾಳೆ ಬೆಂಗಳೂರಿಗೆ ಹೊಂಟೇವ್ರಿ" ಎಂದನು. ಸಿಂಧನೂರಿನ ಹುಡುಗಿ ಕಣ್ಣ ಮುಂದೆ ಬಂದು ನಿಂತಂತಾಯಿತು. ಅವನನ್ನು ಕೂಡಿಸಿಕೊಂಡು, "ಅಲ್ಲಿ ದಿನಾಲು ಏನು ಮಾಡಬಲ್ಲಿ?" ಎಂದು ಕೇಳಿದೆನು. ಬಹಳ ಹೊತ್ತು ಯೋಚಿಸಿ, "ಅಂಗಡಿ ಬೋರ್ಡ್ ಓದ್ತೀನ್ರಿ. ದಿನಕ್ಕ ಒಂದು ಬರ್ಕೊಂತೀನಿ" ಎಂದನು. ಒಂದು ಸಣ್ಣ ನೋಟ್‌ಪುಸ್ತಕ, ಎರಡು ಪೆನ್ಸಿಲ್ ಕೊಟ್ಟು ಕಳಿಸಿದೆನು. ಯುಗಾದಿಗೆ ತಿರುಗಿ ಬಂದಾಗ ಪುಸ್ತಕಕ್ಕೆ ಸಿಮೆಂಟು ಮೆತ್ತಿತ್ತು, ಹೊದಿಕೆ ಹರಿದಿತ್ತು. ಒಳಗೆ ನಲವತ್ತೊಂದು ಹೆಸರುಗಳಿದ್ದವು: ಖಾನಾವಳಿ, ಹಾರ್ಡ್‌ವೇರ್, ಕ್ಷೌರದಂಗಡಿ, ಔಷಧಿ. ಒತ್ತಕ್ಷರಗಳು ಹಲವೆಡೆ ತಪ್ಪಾಗಿದ್ದವು. ಐದು ತಿಂಗಳಿಗೆ ನಲವತ್ತೊಂದು ದಿನ ಎಂದು ಲೆಕ್ಕ ಹಿಡಿಯಬಹುದಿತ್ತು, ನಾನು ಹಿಡಿಯಲಿಲ್ಲ. ಆ ಹುಡುಗ ಪುಸ್ತಕ ತೋರಿಸಲೆಂದೇ ಶಾಲೆಗೆ ಬಂದಿದ್ದನು, ಬಂದವನು ನಾಲ್ಕನೆಯ ತರಗತಿಯಲ್ಲಿ ಕುಳಿತನು. ನನಗೆ ಬೇಕಾದುದು ಅಷ್ಟೇ ಆಗಿತ್ತು.

ಸೇವೆಯ ಕೊನೆಯ ವರುಷಗಳನ್ನು ಮಸ್ಕಿಯ ಆಸುಪಾಸಿನಲ್ಲಿ ಕಳೆದೆನು. ಈಗ ಮಸ್ಕಿಯೇ ಒಂದು ತಾಲ್ಲೂಕು. ಆಗ ಲಿಂಗಸುಗೂರಿಗೆ ಸೇರಿತ್ತು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಅಲ್ಲಿನ ಬೆಟ್ಟದಲ್ಲಿ ಕಂಡ ಶಾಸನದಿಂದಲೇ "ದೇವಾನಾಂಪ್ರಿಯ" ಎನಿಸಿಕೊಂಡ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತೆಂಬುದನ್ನು ನಮ್ಮ ಭಾಗದವರೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಶಾಸನದಲ್ಲಿ ಏನಿದೆಯೆಂಬುದನ್ನು ಮಾತ್ರ ಬಹುಮಂದಿ ವಿಚಾರಿಸುವುದಿಲ್ಲ. ಒಂದು ಹಿಂಗಾರು ಹಂಗಾಮಿನ ಆರಂಭಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಅದರ ತಾತ್ಪರ್ಯವನ್ನು ಹೇಳಿದೆನು. ದೊಡ್ಡವರಷ್ಟೇ ಇದನ್ನು ಸಾಧಿಸಬಲ್ಲರೆಂದು ತಿಳಿಯಬೇಡಿರಿ, ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಸಾಧಿಸಬಲ್ಲನು. ಹಾಗೆ ನಡೆದರೆ ಇದು ಬಹುಕಾಲ ನಿಲ್ಲುವುದು, ಒಂದೂವರೆ ಪಟ್ಟು ಬೆಳೆಯುವುದು ಎಂದು ಅರಸನು ಹೇಳಿಸಿದ್ದಾನೆ. ಸಣ್ಣವನು ಎಂದರೆ ಅಲ್ಲಿ ವಯಸ್ಸಿನ ಮಾತಲ್ಲ, ಅಂತಸ್ತಿನ ಮಾತು. ಆದರೂ ಮಕ್ಕಳು ಅದನ್ನು ತಮ್ಮದೆಂದೇ ತೆಗೆದುಕೊಂಡರು. ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟು ದೊಡ್ಡ ರಾಜಾ, ಬರೇ ಒಂದೂವರಿ ಪಟ್ಟು ಯಾಕ್ರಿ? ಹತ್ತು ಪಟ್ಟು ಅನ್ನಬಹುದಿತ್ತಲ್ರಿ?" ಎಂದು ಕೇಳಿದಳು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಹುಡುಗ, "ಹತ್ತು ಅಂದ್ರ ಆಗೂದಿಲ್ಲ, ಅದಕ್ಕ" ಎಂದನು. ಅಂದಿನಿಂದ ನಮ್ಮ ತರಗತಿಯಲ್ಲಿ ಅದೇ ನೇಮವಾಯಿತು. ಒಂದು ಮಳೆಯ ಗುರಿ ನೆರವೇರಿದರೆ ಮುಂದಿನ ಮಳೆಗೆ ಒಂದೂವರೆ ಪಟ್ಟು: ನಾಲ್ಕು ಸಾಲು ಓದಿದವನಿಗೆ ಆರು, ಆರು ಓದಿದವನಿಗೆ ಒಂಬತ್ತು. ಅದಕ್ಕಿಂತ ಹೆಚ್ಚಿಗೆ ಯಾರು ಆಸೆಪಟ್ಟರೂ ಮಕ್ಕಳೇ ತಡೆಯುತ್ತಿದ್ದರು.

ಇದನ್ನೆಲ್ಲ ಓದಿ, ಗುರಿ ಇಟ್ಟರೆ ಮಕ್ಕಳ ಕಷ್ಟಗಳೆಲ್ಲ ತೀರುವುವೆಂದು ಯಾರೂ ಭಾವಿಸಬಾರದು. ಹಸಿದ ಮಗುವಿಗೆ ಮೊದಲು ಅನ್ನ ಬೇಕು. ೨೦೦೨ರಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಸೇರಿ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾದಾಗ ಹಾಜರಿಯಲ್ಲಿ ಆದ ಬದಲಾವಣೆಯನ್ನು ಕಣ್ಣಾರೆ ಕಂಡವನು ನಾನು. ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು ಹೇಳುವ ಕಾನೂನು ೨೦೧೦ರಿಂದ ಜಾರಿಯಲ್ಲಿದೆ. ಗುಳೆಯನ್ನು ಹುಣಸೆ ಬೀಜ ತಡೆಯಲಾರದು. ಆದರೆ ಗುಳೆಯಿಂದ ತಿರುಗಿ ಬಂದ ಮಗು ಶಾಲೆಯ ಹೊಸ್ತಿಲು ತುಳಿಯುವುದೋ ಇಲ್ಲವೋ ಎಂಬುದು ತನ್ನ ವಿಷಯದಲ್ಲಿ ಅದು ಏನೆಂದುಕೊಂಡಿದೆ ಎಂಬುದರ ಮೇಲೂ ನಿಂತಿದೆ. ಅಷ್ಟು ಭಾಗ ನಮ್ಮ ಕೈಯಲ್ಲಿದೆ.

ಈ ಪತ್ರಿಕೆಯನ್ನು ಓದುವ ಬಂಧುಗಳಲ್ಲಿ ಅನೇಕರು ನನ್ನಂತೆಯೇ ಪ್ರಸಾದ ನಿಲಯದ ಅನ್ನ ಉಂಡು ಬೆಳೆದವರು. ತಮ್ಮ ಊರಿನ ಶಾಲೆಗೆ ಬೆಂಚು, ಗಡಿಯಾರ ಕೊಟ್ಟವರೂ ಉಂಟು. ಅದರ ಜೊತೆಗೆ ಇನ್ನೊಂದನ್ನು ಕೇಳುತ್ತೇನೆ. ಮಳೆ ಬದಲಾಗುವ ದಿನ, ಎಂದರೆ ಹದಿನೈದು ದಿನಕ್ಕೊಮ್ಮೆ, ಶಿಕ್ಷಕರ ಒಪ್ಪಿಗೆ ಪಡೆದು ಊರ ಶಾಲೆಯಲ್ಲಿ ಒಂದು ತಾಸು ಕುಳಿತುಕೊಳ್ಳಿರಿ. ನಾಲ್ಕೈದು ಮಕ್ಕಳ ಮಾತು ಕೇಳಿರಿ. ಅವರು ಹೇಳಿದುದನ್ನು ಅವರ ಕೈಯಿಂದಲೇ ಬರೆಯಿಸಿರಿ. ಪೆನ್ಸಿಲನ್ನು ನೀವು ಹಿಡಿಯಬೇಡಿರಿ.

ಸಿಂಧನೂರಿನ ಆ ಹುಡುಗಿ ಈಗ ನಡುವಯಸ್ಸಿನ ಹೆಂಗಸಾಗಿರಬೇಕು. ಅವಳ ಮಕ್ಕಳು ಯಾವುದೋ ಊರಿನ ಶಾಲೆಯಲ್ಲಿ ಕಲಿತಿರಲೂಬಹುದು. ಅವಳ ಚೀಟಿ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಪ್ರತಿ ವರುಷ ಮೃಗಶಿರ ಕೂಡುವ ದಿನ ಅದನ್ನೊಮ್ಮೆ ತೆಗೆದು ನೋಡಿ, ಮೊಮ್ಮಗಳನ್ನು ಬಳಿಗೆ ಕರೆದು, "ಈ ಮಳಿಗೆ ಏನು ಮಾಡ್ತಿಯವ್ವಾ?" ಎಂದು ಕೇಳಿ, ಅವಳು ಬಾಯಿ ಬಿಡುವವರೆಗೆ ಸುಮ್ಮನೆ ಕುಳಿತಿರುತ್ತೇನೆ.